ಕುಕ್ಕರ್ ಎಷ್ಟು ಸಲ ಕೂಗಿತು? – ಯುವ ಲೇಖಕಿಗೊಂದು ಪತ್ರ

ಪ್ರೀತಿಯ ತಂಗಿಗೆ,

ನೀನು ಕಳಿಸಿದ ಪ್ರಬಂಧ ಓದಿದೆ. ಮೊದಲು ಒಂದೇ ಪಟ್ಟಿಗೆ, ಆಮೇಲೆ ಪೆನ್ಸಿಲ್ ಹಿಡಿದು ನಿಧಾನವಾಗಿ. ಬೆಂಗಳೂರಿನ ಬಾಡಿಗೆ ಮನೆ, ತೊಟ್ಟಿಕ್ಕುವ ನಲ್ಲಿ, ಸಡಿಲವಾದ ಕುಕ್ಕರ್ ಗ್ಯಾಸ್ಕೆಟ್, ಹಾಸನದಿಂದ ಬಂದ ಅಮ್ಮ, ಅವರು ಮಾಡಿದ ಬಸ್ಸಾರು. "ಇಷ್ಟು ಚಿಕ್ಕ ವಿಷಯವನ್ನು ಯಾರು ಓದುತ್ತಾರೆ ಮೇಡಂ?" ಅಂತ ಜೊತೆಯ ಚೀಟಿಯಲ್ಲಿ ಕೇಳಿದ್ದೀಯ. ನಾನು ಓದುತ್ತೇನೆ. ಇಂಥ ಬರಹ ಬಂದರೆ ಉಳಿದದ್ದನ್ನು ಪಕ್ಕಕ್ಕಿಟ್ಟು ಓದುತ್ತೇನೆ. ಮತ್ತೆ, ಮೇಡಂ ಬೇಡ, ಅಕ್ಕ ಅನ್ನು ಸಾಕು.

ನನಗೆ ತುಂಬಾ ಹಿಡಿಸಿದ ಜಾಗ ಯಾವುದು ಅಂತ ಮೊದಲು ಹೇಳುತ್ತೇನೆ. ಎರಡನೇ ಪುಟದಲ್ಲಿ ರಾತ್ರಿಯಾಗಿದೆ, ಅಂಗಡಿ ಮುಚ್ಚಿದೆ. ಕುಕ್ಕರ್ ಕೂಗುತ್ತಿಲ್ಲ, ಹಿಡಿಯ ಹತ್ತಿರ ಆವಿ ಸೋರುತ್ತಿದೆ. ಅಮ್ಮ ಒಲೆ ಆರಿಸಿ, ಮುಚ್ಚಳ ತೆಗೆದು, ಗ್ಯಾಸ್ಕೆಟ್ ಬಿಚ್ಚಿ ಫ್ರೀಜರ್‌ನಲ್ಲಿ ಇಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಒರೆಸಿ, ಮತ್ತೆ ಕೂರಿಸುತ್ತಾರೆ. ಈ ಸಲ ಕುಕ್ಕರ್ ಕೂಗುತ್ತದೆ. ಇಷ್ಟನ್ನು ಒಂದೂ ಹೊಗಳಿಕೆಯ ಮಾತಿಲ್ಲದೆ ಬರೆದಿದ್ದೀಯ. ಆ ಸಾಲುಗಳಲ್ಲಿ ನಿಮ್ಮಮ್ಮ ನನಗೆ ಕಣ್ಣಿಗೆ ಕಟ್ಟಿದರು. ಕೆಟ್ಟ ಸಾಮಾನನ್ನು ಇನ್ನೊಂದು ದಿನ ನಡೆಸುವುದು ಹೇಗೆ ಅಂತ ಗೊತ್ತಿರುವ ಹೆಂಗಸು.

ಅದರ ಮುಂದಿನ ಪ್ಯಾರಾದಲ್ಲಿ "ಸಂಬಂಧಗಳೂ ಗ್ಯಾಸ್ಕೆಟ್ ಇದ್ದ ಹಾಗೆ, ಸಡಿಲವಾದಾಗ ತಣ್ಣಗಾಗಲು ಬಿಡಬೇಕು" ಅಂತ ಬರೆದೆ. ಅಲ್ಲಿಗೆ ಅಮ್ಮ ಕಾಣೆಯಾದರು. ಅಡುಗೆಮನೆಯೂ ಕಾಣೆಯಾಯಿತು. ಆ ಪ್ಯಾರಾ ಪೂರ್ತಿ ಹೊಡೆದುಹಾಕು. ಕೊನೆಯ ಪುಟದಲ್ಲಿ ಬದುಕಿನ ಬಗ್ಗೆ ಬರುವ ಮಾತುಗಳನ್ನೂ ತೆಗೆ.

ಇವತ್ತು ನಾನು ಹೇಳಬೇಕೆಂದು ಕೂತಿರುವುದು ಇದೊಂದನ್ನೇ. ಮನೆಯ ಸಣ್ಣ ಸಂಗತಿಗಳ ಬಗ್ಗೆ ಬರೆಯುವಾಗ ನಮಗೆ ಒಂದು ಹೆದರಿಕೆ ಇರುತ್ತದೆ. ಇಷ್ಟೇ ಬರೆದರೆ ಸಾಲದು, ಇದಕ್ಕೊಂದು ದೊಡ್ಡ ಅರ್ಥ ಹಚ್ಚದಿದ್ದರೆ ಓದುವವರು ಬೆಲೆ ಕೊಡುವುದಿಲ್ಲ ಅನ್ನುವ ಹೆದರಿಕೆ. ಆ ಹೆದರಿಕೆಯಿಂದಲೇ ಒಳ್ಳೆಯ ಪ್ರಬಂಧಗಳು ಹಾಳಾಗುತ್ತವೆ. ಅರ್ಥ ಹುಡುಕಲು ಹೋಗಬೇಡ. ಕೆಲಸ ಹೇಗೆ ನಡೆಯಿತು ಅನ್ನುವುದನ್ನು ಪೂರ್ತಿ ನೋಡು, ನೋಡಿದ್ದನ್ನು ಪೂರ್ತಿ ಬರೆ. ಎಷ್ಟು ಚೆನ್ನಾಗಿ ನೋಡುತ್ತೀಯೋ ಅಷ್ಟೂ ಓದುವವರಿಗೆ ಸಿಗುತ್ತದೆ.

ಪೂರ್ತಿ ನೋಡು ಅಂದರೆ ಏನು ಅಂತ ನಿನ್ನ ಬರಹದಿಂದಲೇ ತೋರಿಸುತ್ತೇನೆ.

"ಕುಕ್ಕರ್ ಮೂರು ಸಲ ಕೂಗಿತು" ಅಂತ ಬರೆದಿದ್ದೀಯ. ಓದುವಾಗ ಅಲ್ಲೇ ನಿಂತೆ. ಬಸ್ಸಾರಿಗೆ ಮೂರು ಕೂಗೇ? ತೊಗರಿಬೇಳೆ ಮೂರು ಕೂಗಿಗೆ ನುಣ್ಣಗಾಗಿಬಿಡುತ್ತದೆ. ಕುಕ್ಕರ್ ಒಳಗೆ ಒತ್ತಡ ಇರುವುದರಿಂದ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ತೆರೆದ ಪಾತ್ರೆಯಲ್ಲಿ ಅಷ್ಟು ಆಗುವುದೇ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ 97 ಡಿಗ್ರಿಗೇ ನೀರು ಕುದಿಯುತ್ತದೆ. ಅದಕ್ಕೇ ಕುಕ್ಕರ್‌ನಲ್ಲಿ ಬೇಳೆ ಅಷ್ಟು ಬೇಗ ಕರಗುವುದು. ತಿಳಿಸಾರಿಗೆ, ಹುಳಿಗೆ ಅದು ಸರಿ. ಬಸ್ಸಾರಿಗೆ ಹಾಗಲ್ಲ. ಸೊಪ್ಪು, ಬೇಳೆ ಬೇಯಿಸಿ ಕಟ್ಟು, ಅಂದರೆ ಬೆಂದ ನೀರು, ಬಸಿದುಕೊಂಡ ಮೇಲೆ ಉಳಿದದ್ದು ಪಲ್ಯ ಆಗಬೇಕು. ಬೇಳೆ ಬೆರಳಲ್ಲಿ ಹಿಸುಕಿದರೆ ಒಡೆಯಬೇಕು, ಆದರೆ ಕಾಳು ಕಾಳಾಗಿಯೇ ಇರಬೇಕು. ನುಣ್ಣಗಾದರೆ ಕಟ್ಟು ಗೊಜ್ಜಿನ ಹಾಗೆ ದಪ್ಪಗೆ ಬರುತ್ತದೆ, ಪಲ್ಯ ಮುದ್ದೆಯಾಗುತ್ತದೆ. ಹಳಬರು ಇದನ್ನು ತೆರೆದ ಪಾತ್ರೆಯಲ್ಲೇ ಬೇಯಿಸುತ್ತಿದ್ದರು, ನಡುನಡುವೆ ಸೌಟಿನಲ್ಲಿ ತೆಗೆದು ನೋಡುತ್ತಿದ್ದರು. ನಿಮ್ಮಮ್ಮ ಕುಕ್ಕರ್‌ನಲ್ಲಿ ಮಾಡಿದ್ದರೆ ಒಂದೇ ಕೂಗಿಗೆ ಆರಿಸಿರಬೇಕು, ಅಥವಾ ಬೇಳೆ ಮಾತ್ರ ಒಂದು ಕೂಗು ಬೇಯಿಸಿ ಸೊಪ್ಪನ್ನು ಆಮೇಲೆ ಹಾಕಿರಬೇಕು. ಮೂರು ಅನ್ನುವುದು ನಿನಗೆ ಅಭ್ಯಾಸಬಲದಿಂದ ಬಂದ ಸಂಖ್ಯೆ. ಕಥೆಗಳಲ್ಲಿ ಎಲ್ಲವೂ ಮೂರು ಸಲ ಆಗುತ್ತದೆ, ಅಲ್ವಾ?

ಇದು ಸಣ್ಣ ತಪ್ಪು ಅಂತ ನಿನಗೆ ಅನಿಸಬಹುದು. ಆದರೆ ಮಂಡ್ಯ, ಹಾಸನ, ಮೈಸೂರು ಕಡೆಯಲ್ಲಿ ವಾರಕ್ಕೊಮ್ಮೆಯಾದರೂ ಬಸ್ಸಾರು ಮಾಡುವ ಓದುಗರು ಎಷ್ಟು ಜನ ಇದ್ದಾರೆ ಯೋಚಿಸು. ಅವರು ಆ ಸಾಲಿಗೆ ಬಂದ ಕೂಡಲೇ ನಿನ್ನ ಕೈ ಬಿಡುತ್ತಾರೆ. ಆಮೇಲೆ ನೀನು ಅಮ್ಮನ ಬಗ್ಗೆ ಏನೇ ಹೇಳಿದರೂ ಅವರಿಗೆ ನಂಬಿಕೆ ಬರುವುದಿಲ್ಲ. ಅದೇ ನೀನು "ಒಂದು ಕೂಗಿಗೆ ಅಮ್ಮ ಓಡಿಬಂದು ಒಲೆ ಆರಿಸಿದರು" ಅಂತ ಬರೆದಿದ್ದರೆ? ಆ ಓಟದಲ್ಲೇ ಅವರ ಇಡೀ ಅನುಭವ ಇದೆ. ಅದನ್ನು ಬೇರೆಯಾಗಿ ವಿವರಿಸುವುದೇ ಬೇಡ.

ಇನ್ನೊಂದು ಮಾತು. ನಿನ್ನ ಬಸ್ಸಾರಿನಲ್ಲಿ ಯಾವ ಸೊಪ್ಪಿತ್ತು? "ಸೊಪ್ಪು" ಅಂತ ಬರೆದು ಬಿಟ್ಟಿದ್ದೀಯ. ದಂಟಿನ ಸೊಪ್ಪೇ, ಸಬ್ಬಸಿಗೆಯೇ, ಕೀರೆಯೇ, ಬೆರಕೆ ಸೊಪ್ಪೇ? ಸಬ್ಬಸಿಗೆ ಆದರೆ ಆ ಘಮ ಮನೆಯಿಂದಾಚೆಗೂ ಹೋಗಿರುತ್ತದೆ, ಎದುರುಮನೆಯವರು ಕೇಳಿಯೂ ಇರಬಹುದು. ಬೆರಕೆ ಸೊಪ್ಪಾದರೆ ಅಮ್ಮ ಊರಿಂದಲೇ ಕಿತ್ತು ತಂದಿರಬೇಕು, ಬೆಂಗಳೂರಿನ ತಳ್ಳುಗಾಡಿಯಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೋ, ಪೇಪರಿನಲ್ಲೋ? ಬಸ್ಸಿನಲ್ಲಿ ಬಾಡಿತೇ? ಖಾರಕ್ಕೆ ಈರುಳ್ಳಿ ಬೆಳ್ಳುಳ್ಳಿ ಹುರಿದರೋ, ಒಲೆಯ ಮೇಲೆ ಸುಟ್ಟರೋ? ರುಬ್ಬುವಾಗ ಬೆಂದ ಸೊಪ್ಪು ಬೇಳೆಯನ್ನೂ ಒಂದು ಹಿಡಿ ಹಾಕಿದರೋ? ಇವೆಲ್ಲ ಅಡುಗೆ ಪುಸ್ತಕದ ವಿವರ ಅಂತ ಬಿಟ್ಟೆ ಅನಿಸುತ್ತದೆ. ನನ್ನ ಪ್ರಕಾರ ನಿನ್ನ ಪ್ರಬಂಧ ಇರುವುದೇ ಇಲ್ಲಿ.

ಬದಲಿಗೆ ನೀನು "ಅಮೃತದಂಥ ರುಚಿ" ಅಂತ ಬರೆದೆ, "ಬಾಯಲ್ಲಿ ನೀರೂರಿತು" ಅಂತ ಬರೆದೆ. ಈ ಮಾತುಗಳು ಜೋಳದ ರೊಟ್ಟಿ ಶೇಂಗಾ ಚಟ್ನಿಗೂ ಹೊಂದುತ್ತವೆ, ಮಂಗಳೂರಿನ ಕುಚ್ಚಲಕ್ಕಿ ಗಂಜಿಗೂ ಹೊಂದುತ್ತವೆ, ಮಲೆನಾಡಿನ ಒಂದೆಲಗದ ತಂಬುಳಿಗೂ ಹೊಂದುತ್ತವೆ. ಎಲ್ಲದಕ್ಕೂ ಹೊಂದುವ ಮಾತು ನಿನ್ನ ಸಾರಿಗೆ ಬೇಡ. ಬಿಸಿ ಮುದ್ದೆ ಮುರಿದಾಗ ಬೆರಳು ಸುಟ್ಟದ್ದು, ಮಾರನೆಯ ದಿನ ಕಾಯಿಸಿದ ಬಸ್ಸಾರು ಇನ್ನೂ ಗಟ್ಟಿಯಾಗಿ, ಖಾರ ಹದವಾಗಿ ಇದ್ದದ್ದು, ಅದನ್ನು ಬರೆ. ರುಚಿ ಎಷ್ಟಿತ್ತು ಅಂತ ಅಳೆಯುವ ಕೆಲಸ ಓದುವವರಿಗೆ ಬಿಡು.

ನಲ್ಲಿಯ ವಿಷಯಕ್ಕೆ ಬರೋಣ. "ಪ್ಲಂಬರ್ ಬಂದು ಸರಿ ಮಾಡಿ ಹೋದರು" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ನೀರು ನಲ್ಲಿಯ ಬಾಯಿಂದ ತೊಟ್ಟಿಕ್ಕುತ್ತಿತ್ತೋ, ಗೋಡೆಗೆ ಸೇರುವ ಕಡೆಯಿಂದಲೋ? ಬಾಯಿಂದಾದರೆ ಒಳಗಿನ ವಾಷರ್ ಸವೆದಿರುತ್ತದೆ, ಬಿಚ್ಚಿದರೆ ರಬ್ಬರಿನ ಮೇಲೆ ಉಂಗುರದ ಹಾಗೆ ಗುಳಿ ಬಿದ್ದಿರುವುದು ಕಾಣುತ್ತದೆ. ಗೋಡೆಯ ಕಡೆಯಿಂದಾದರೆ ನಲ್ಲಿ ಬಿಚ್ಚಿ, ಥ್ರೆಡ್ ಮೇಲಿನ ಹಳೆಯ ಟೆಫ್ಲಾನ್ ಟೇಪ್ ಕಿತ್ತು ಹೊಸದು ಸುತ್ತಬೇಕು. ಅದನ್ನೂ ಥ್ರೆಡ್ ತಿರುಗುವ ದಿಕ್ಕಿಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ನಲ್ಲಿ ಕೂರಿಸುವಾಗ ಟೇಪ್ ಬಿಚ್ಚಿಕೊಂಡು ಬರುತ್ತದೆ. ಪ್ಲಂಬರ್ ಕೆಲಸ ಮಾಡುವಾಗ ನೀನು ಪಕ್ಕದಲ್ಲಿ ನಿಂತು ನೋಡಿದೆಯಾ? ನೋಡಬೇಕು. ಅವರನ್ನು ಕೇಳಬೇಕು. ಕೈಕೆಲಸ ಬಲ್ಲವರು ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ಆ ನೀರು ಯಾವುದು ಅಂತಲೂ ತಿಳಿದುಕೋ. ಬೋರ್‌ವೆಲ್ ನೀರಾದರೆ ನಲ್ಲಿಯ ಬಾಯಲ್ಲಿ ಬಿಳಿ ಗರಣೆ ಕಟ್ಟಿರುತ್ತದೆ. ಕಾವೇರಿ ನೀರಾದರೆ ಅದು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಕೊಳವೆಯಲ್ಲಿ ಬಂದಿರುತ್ತದೆ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದದ್ದು. ನಿಮ್ಮ ಹಾಸನ ಜಿಲ್ಲೆಯಲ್ಲಿ ಹರಿಯುವ ಹೇಮಾವತಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಅಂದರೆ ಅಮ್ಮನ ಊರಿನ ಕಡೆಯ ನೀರೂ ಅದರಲ್ಲಿ ಬೆರೆತಿದೆ. ಇದನ್ನೆಲ್ಲ ಬರಹಕ್ಕೆ ತುರುಕು ಅಂತ ಹೇಳುತ್ತಿಲ್ಲ. ನಿನಗೆ ಗೊತ್ತಿರಲಿ. ಬೇಕೆನಿಸಿದರೆ ಒಂದು ಸಾಲು ಹಾಕು, ಹಾಕಿ ಮುಂದೆ ಹೋಗು. ಅಲ್ಲೇ ನಿಂತು ಕಣ್ಣು ಒದ್ದೆ ಮಾಡಿಕೊಳ್ಳಬೇಡ.

ಕೆಲಸವನ್ನು ಅದರ ಕ್ರಮದಲ್ಲಿ ಬರೆದರೆ ಎಷ್ಟು ಸಂಗತಿಗಳು ತಾವಾಗಿ ಒಳಗೆ ಬರುತ್ತವೆ ಅನ್ನುವುದಕ್ಕೆ ಕಲಾಯಿಯ, ಅಂದರೆ ಹಿತ್ತಾಳೆ ಪಾತ್ರೆಯ ಒಳಗೆ ತವರ ಬಳಿಯುವ ಕೆಲಸದ, ಉದಾಹರಣೆ ಕೊಡುತ್ತೇನೆ. ನೀನು ನೋಡಿರಲಾರೆ. ನಾನು ಚಿಕ್ಕವಳಿದ್ದಾಗ ಕಲಾಯಿಯವರು ಬೀದಿಗೆ ಬಂದು ಕೂಗುತ್ತಿದ್ದರು. ಮನೆಮನೆಯಿಂದ ಹಿತ್ತಾಳೆ ಪಾತ್ರೆಗಳು ಹೊರಗೆ ಬರುತ್ತಿದ್ದವು. ಮರದ ಕೆಳಗೆ ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತುತ್ತಿದ್ದರು. ಪಾತ್ರೆಯನ್ನು ಚೆನ್ನಾಗಿ ಉಜ್ಜಿ, ಕೆಂಡದ ಮೇಲೆ ತಿರುಗಿಸುತ್ತಾ ಕಾಯಿಸಿ, ನವಸಾಗರದ ಪುಡಿ ಉದುರಿಸಿದರೆ ಬಿಳಿ ಹೊಗೆ ಏಳುತ್ತಿತ್ತು, ಮೂಗಿಗೆ ಚುರ್ ಅನ್ನುವ ವಾಸನೆ. ಆಗ ತವರದ ಕಡ್ಡಿ ಮುಟ್ಟಿಸುತ್ತಿದ್ದರು. ತವರ 232 ಡಿಗ್ರಿಗೆ ಕರಗುತ್ತದೆ, ಹಿತ್ತಾಳೆಗೆ ಆ ಶಾಖ ಏನೂ ಅಲ್ಲ. ಕರಗಿದ್ದನ್ನು ಹತ್ತಿಯಿಂದ ಬಳಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿಯ ಬಣ್ಣ ಹರಡುತ್ತಿತ್ತು. ತಕ್ಷಣ ನೀರಿಗೆ ಅದ್ದುತ್ತಿದ್ದರು, ಚೊಯ್ ಅಂತ ಸದ್ದು. ಅಜ್ಜಿ ಪಾತ್ರೆಯನ್ನು ಬಿಸಿಲಿಗೆ ಹಿಡಿದು ಒಳಗೆ ಎಲ್ಲಾದರೂ ಹಳದಿ ಉಳಿದಿದೆಯೇ ಅಂತ ನೋಡಿಯೇ ದುಡ್ಡು ಕೊಡುತ್ತಿದ್ದಳು. ಹುಣಸೆ ಹುಳಿ ಬರೀ ಹಿತ್ತಾಳೆಗೆ ತಾಗಿದರೆ ಕಿಲುಬು ಬಿಟ್ಟು ಸಾರು ಕೆಡುತ್ತದೆ, ಹೊಟ್ಟೆಯೂ ಕೆಡುತ್ತದೆ. ಅದಕ್ಕೇ ಅಷ್ಟು ಎಚ್ಚರ.

ನೋಡು, ಇಲ್ಲಿ ನಾನು "ಆ ಕಾಲ ಎಷ್ಟು ಚೆನ್ನಾಗಿತ್ತು" ಅಂತ ಹೇಳಿಲ್ಲ. ಸ್ಟೀಲ್ ಪಾತ್ರೆ ಬಂದು ಕಲಾಯಿಯವರ ಕೆಲಸ ಹೋಯಿತು, ಹಾಗೆಯೇ ಅಜ್ಜಿಯಂಥವರ ಎಷ್ಟೋ ಉಜ್ಜುವ ಕೆಲಸವೂ ಹೋಯಿತು. ಎರಡೂ ನಿಜ. ಹಳೆಯದನ್ನು ಬರೆಯುವಾಗ ಎರಡನ್ನೂ ಮರೆಯಬೇಡ.

ಇಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ ಇನ್ನೊಂದು ವಿಷಯ ಇದೆ. ನಿನ್ನ ಪ್ರಬಂಧದಲ್ಲಿ ಊಟದ ಸುಖವೆಲ್ಲ ತಿನ್ನುವವರದು. ನೀನು, ನಿನ್ನ ಜೊತೆಗಿರುವ ಗೆಳತಿ ಕೂತು ಎರಡೆರಡು ಮುದ್ದೆ ತಿಂದಿರಿ. ಅಮ್ಮ ಯಾವಾಗ ಕೂತರು? ಅವರ ಮುದ್ದೆ ಬಿಸಿಯಿತ್ತೇ? ಕುದಿಯುವ ನೀರಿಗೆ ಹಿಟ್ಟು ಹಾಕಿ, ಗಂಟಾಗದ ಹಾಗೆ ಕೋಲಿನಲ್ಲಿ ತಿರುವುವುದು ತೋಳಿನ ಶಕ್ತಿ ಬೇಡುವ ಕೆಲಸ. ಪ್ರಯಾಣ ಮಾಡಿ ಬಂದ ದಿನವೇ ಅದನ್ನು ಮಾಡಿದರು. ಮನೆಯೂಟದ ಬಗ್ಗೆ ನಮ್ಮಲ್ಲಿ ಬರುವ ಜಾಸ್ತಿ ಬರಹಗಳಲ್ಲಿ ಅಡುಗೆ ಮಾಡಿದವರು ಬಾಗಿಲ ಹತ್ತಿರ ನಗುತ್ತಾ ನಿಂತಿರುತ್ತಾರೆ, ಅಷ್ಟೇ. ನನಗೆ ಅದು ಸಿಟ್ಟು ತರಿಸುತ್ತದೆ. ಅವರಿಗೂ ಆ ದಿನ ಏನೋ ತಿನ್ನಬೇಕು ಅನಿಸಿರುತ್ತದೆ. ಅದೇನು ಅಂತ ಕೇಳಿದ್ದೀಯಾ? ಅಮ್ಮನಿಗೆ ಬಸ್ಸಾರು ಇಷ್ಟವೋ, ನಿನಗೆ ಇಷ್ಟ ಅಂತ ಮಾಡಿದರೋ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ನಿನ್ನ ಬರಹದ ಕೊನೆಯ ಭಾಗವೇ ಬೇರೆಯಾಗಬಹುದು.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿನ್ನ ಕನ್ನಡ ಚೆನ್ನಾಗಿದೆ. ಸುಮ್ನೆ ಅಲ್ಲಲ್ಲಿ ಮದುವೆ ಮನೆಯ ಬಟ್ಟೆ ಹಾಕಿಕೊಂಡಿದೆ. ಅಡುಗೆಮನೆಯನ್ನು ಪಾಕಶಾಲೆ ಅನ್ನಬೇಡ. ಅಮ್ಮ ಮಾತಾಡುವಾಗ ಹಾಸನದ ಮಾತೇ ಇರಲಿ, ಅದನ್ನು ತಿದ್ದಬೇಡ.

ಈಗ ಏನು ಮಾಡಬೇಕು ಅಂದರೆ, ಅಮ್ಮನಿಗೆ ಫೋನ್ ಮಾಡು. ಅವರಿಗೆ ಬಿಡುವಿದ್ದಾಗ ಮಾಡು. ಎಷ್ಟು ಕೂಗು, ಯಾವ ಸೊಪ್ಪು, ಗ್ಯಾಸ್ಕೆಟ್ ಫ್ರೀಜರ್‌ಗೆ ಇಡುವುದನ್ನು ಯಾರಿಂದ ಕಲಿತರು, ಕೇಳು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಅವತ್ತೇ ಬರೆದಿಡು, ಮಾರನೆಯ ದಿನಕ್ಕೆ ಬಿಟ್ಟರೆ ಅದು ನಿನ್ನ ಮಾತಾಗಿಬಿಡುತ್ತದೆ. ಮತ್ತೆ, ಹೊಸ ಗ್ಯಾಸ್ಕೆಟ್ ತಂದೆಯಾ ಇಲ್ಲವಾ? ಫ್ರೀಜರ್ ಉಪಾಯ ಒಂದೆರಡು ಸಲಕ್ಕೆ ಮಾತ್ರ. ತರುವಾಗ ಕುಕ್ಕರ್ ಎಷ್ಟು ಲೀಟರಿನದು ಅಂತ ನೋಡಿಕೊಂಡು, ಅದೇ ಕಂಪನಿಯದನ್ನೇ ತಾ.

ತಿದ್ದಿದ ಪ್ರತಿಯನ್ನು ಈ ತಿಂಗಳೊಳಗೆ ಕಳಿಸು. ಸಾಲುಗಳ ನಡುವೆ ಜಾಗ ಬಿಟ್ಟು ಟೈಪ್ ಮಾಡು, ನನಗೆ ಪೆನ್ಸಿಲ್‌ನಲ್ಲಿ ಬರೆಯಲು ಬೇಕಾಗುತ್ತದೆ.

ನಿನ್ನ
ಅಕ್ಕ