ಕವರತ್ತಿ ಪ್ರವಾಸ: ಕಾಗದಪತ್ರ ಮತ್ತು ಅಲ್ಲಿ ಪಾಲಿಸಬೇಕಾದ್ದು

ಎಲ್ಲರಿಗೂ ನಮಸ್ಕಾರ. ಲಕ್ಷದ್ವೀಪದ ಕವರತ್ತಿ ದ್ವೀಪಕ್ಕೆ ಬರಲು ಹೆಸರು ಕೊಟ್ಟಿರುವ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಸದಸ್ಯರು ದಯವಿಟ್ಟು ಪೂರ್ತಿ ಓದಿ.

ಪ್ರವೇಶ ಪರವಾನಗಿ ಇಲ್ಲದೆ ಕೊಚ್ಚಿಯಲ್ಲಿ ಹಡಗು ಹತ್ತಲಾಗದು. ಬರುವ ಭಾನುವಾರ ಸಂಜೆ 5ರೊಳಗೆ ಆಧಾರ್ ಪ್ರತಿ, 2 ಫೋಟೊ, ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೊಡಿ. ಆಧಾರ್ ಮತ್ತು ಪೊಲೀಸ್ ಪ್ರಮಾಣಪತ್ರ ಎರಡರಲ್ಲೂ ಇನಿಷಿಯಲ್ ಒಂದೇ ಥರ ಇದೆಯೇ ಎಂದು ಈಗಲೇ ನೋಡಿಕೊಳ್ಳಿ, ಅರ್ಜಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಅಲ್ಲೇ.

ನೀರಿನ ವಿಷಯ ಮುಖ್ಯ. ಅಲ್ಲಿ ಹೊಳೆ, ಹಳ್ಳ ಯಾವುದೂ ಇಲ್ಲ. ಹವಳದ ಮರಳಿನೊಳಗೆ ಇಂಗಿದ ಮಳೆನೀರು, ಉಪ್ಪುನೀರಿನ ಮೇಲೆ ತೆಳು ಪದರವಾಗಿ ನಿಂತಿರುತ್ತದೆ. ಪಂಪ್ ಹಾಕಿ ಹೆಚ್ಚು ಎಳೆದರೆ ಕೆಳಗಿನ ಉಪ್ಪು ಮೇಲೆ ಬಂದು ಬಾವಿ ಕೆಡುತ್ತದೆ. 2005ರಿಂದ ಕವರತ್ತಿಯಲ್ಲಿ ದಿನಕ್ಕೆ 1 ಲಕ್ಷ ಲೀಟರ್ ಸಾಮರ್ಥ್ಯದ ಸಮುದ್ರನೀರು ಸಿಹಿಗೊಳಿಸುವ ಘಟಕವಿದೆ. ಆದರೂ ಮಲೆನಾಡಿನ ಹಂಡೆಸ್ನಾನದ ರೂಢಿ ಅಲ್ಲಿ ಬೇಡ. ಒಬ್ಬರಿಗೆ ಒಂದೇ ಬಕೆಟ್.

ದ್ವೀಪದವರು ಬಹುತೇಕ ಎಲ್ಲರೂ ಮುಸ್ಲಿಮರು. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು, ಆಗ ಯಾರಿಗೂ ಕೆಲಸ ಹೇಳಬೇಡಿ. ಕೆತ್ತನೆಯ ಚಾವಣಿಗೆ ಹೆಸರಾದ ಉಜ್ರಾ ಮಸೀದಿಯನ್ನು ಕೇಳಿಕೊಂಡೇ ನೋಡೋಣ. ಊರೊಳಗೆ ಮೈತುಂಬ ಬಟ್ಟೆ ಇರಲಿ, ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಮದ್ಯ ನಿಷಿದ್ಧ. ಕವಳ (ಎಲೆಅಡಿಕೆ) ಹಾಕುವವರು ಕಂಡಲ್ಲಿ ಉಗುಳಬಾರದು. ಹವಳದ ಚೂರನ್ನೂ ತರುವಂತಿಲ್ಲ, ಅದು ಅಪರಾಧ.

ಅಕ್ಕಿ, ತರಕಾರಿ, ಡೀಸೆಲ್ ಎಲ್ಲವೂ ಅವರಿಗೆ ಹಡಗಿನಲ್ಲೇ ಬರಬೇಕು. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಜೊತೆಗಿಟ್ಟುಕೊಳ್ಳಿ. ಪ್ಲಾಸ್ಟಿಕ್ ಕವರುಗಳನ್ನು ವಾಪಸ್ ತರಬೇಕು.

ಬರುವವರು ಹೆಸರು, ವಯಸ್ಸು, ಹಡಗಿನಲ್ಲಿ ವಾಂತಿಯಾಗುವ ತೊಂದರೆ ಇದ್ದರೆ ಅದನ್ನೂ ಇಲ್ಲೇ ಬರೆಯಿರಿ.