ಹಾರದೆ ನಿಂತ ರಾಕೆಟ್ಟು

ಕುಮಟಾ

ಪ್ರೀತಿಯ ಕೂಸೇ,

ನಿನ್ನೆ ರಾತ್ರಿ ಮಾತು ಮುಗಿಯುವ ಮೊದಲೇ ಫೋನ್ ಇಟ್ಟೆ. ಮತ್ತೆ ಮಾಡಿದರೆ ಇಬ್ಬರೂ ಅದೇ ಜಗಳಕ್ಕೆ ಇಳಿಯುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ದನಿ ಏರಿದ್ದಕ್ಕೆ ಬೇಜಾರಿದೆ. ಹೇಳಿದ ಮಾತು ಮಾತ್ರ ಈಗಲೂ ಅದೇ: ರಾಕೆಟ್ಟಿನ ಇಂಧನಕ್ಕೆಂದು ಹಾಸ್ಟೆಲ್ ರೂಮಿನಲ್ಲಿ ಪೊಟ್ಯಾಸಿಯಂ ನೈಟ್ರೇಟಿಗೆ ಸಕ್ಕರೆ ಹಾಕಿ ಕಾಯಿಸುವ ಕೆಲಸ ಬೇಡ. ನೀನೂ ಮಾಡಬೇಡ, ಮಾಡುವವರ ಪಕ್ಕ ನಿಲ್ಲಲೂಬೇಡ.

ಎಲ್ಲರೂ ಮಾಡುತ್ತಾರೆ, ವಿಡಿಯೋ ನೋಡು ಎಂದು ನೀನು ಹೇಳಿದೆ. ನಾನು ನೋಡಿದೆ. ವಿಡಿಯೋದಲ್ಲಿ ಕಾಣುವುದು ಹಾರಿದ ರಾಕೆಟ್ಟುಗಳು ಮಾತ್ರ. ಸಕ್ಕರೆ ಉರುವಲು, ನೈಟ್ರೇಟು ಅದಕ್ಕೆ ಆಮ್ಲಜನಕ ಕೊಡುವ ವಸ್ತು. ಎರಡೂ ಬೆರೆತ ಮೇಲೆ ಬೆಂಕಿಗೆ ಹೊರಗಿನ ಗಾಳಿ ಬೇಕಿಲ್ಲ. ಒದ್ದೆ ಗೋಣಿ ಮುಚ್ಚಿದರೂ, ಮರಳು ಸುರಿದರೂ ಒಳಗೆ ಉರಿಯುತ್ತಲೇ ಇರುತ್ತದೆ. ಒಲೆಯ ಮೇಲೆ ಒಂದು ಮೂಲೆ ಹೆಚ್ಚು ಕಾದರೆ ಪಾತ್ರೆಯಿಡೀ ಹತ್ತಿಕೊಳ್ಳುತ್ತದೆ, ಆಗ ಓಡಲೂ ಹೊತ್ತಿರುವುದಿಲ್ಲ. ಕಾಯಿಸುವಾಗ ಏನೂ ಆಗಲಿಲ್ಲ ಎಂದರೂ ಅಪಾಯ ಮುಗಿಯಲಿಲ್ಲ. ಅಚ್ಚಿನಲ್ಲಿ ಆರಿದ ಮಿಶ್ರಣದೊಳಗೆ ಒಂದು ಗುಳ್ಳೆಯೋ ಕೂದಲೆಳೆಯ ಬಿರುಕೋ ಉಳಿದರೆ, ಉರಿ ಅದರೊಳಗೂ ನುಗ್ಗುತ್ತದೆ. ಉರಿಯುವ ಮೈ ಹೆಚ್ಚಿದಷ್ಟೂ ಅನಿಲ ಹೆಚ್ಚು, ಒತ್ತಡ ಹೆಚ್ಚು, ಒತ್ತಡ ಹೆಚ್ಚಿದಷ್ಟೂ ಉರಿ ಇನ್ನೂ ಬಿರುಸು. ಅನಿಲ ಹೊರಬರುವ ಕಿರುಬಾಯಿ, ನಾಜಲ್, ಅಷ್ಟನ್ನೂ ಹೊರಹಾಕಲಾರದೆ ಕವಚ ಸಿಡಿಯುತ್ತದೆ. ಪಿವಿಸಿ ಪೈಪಾದರೆ ಚೂರು ಚೂರಾಗಿ ಬರುತ್ತದೆ. ಕಬ್ಬಿಣದ ಪೈಪಿನ ಮಾತೇ ಬೇಡ.

ಈ ಹವ್ಯಾಸ ಹುಟ್ಟಿದ್ದೇ ನನ್ನ ಈ ಹೆದರಿಕೆಯಂಥದೇ ಹೆದರಿಕೆಯಿಂದ. 1957ರಲ್ಲಿ ಸ್ಪುಟ್ನಿಕ್ ಹಾರಿದ ಹೊತ್ತಿಗೆ ಅಮೆರಿಕದ ಹುಡುಗರು ಮನೆಯಲ್ಲೇ ಇಂಧನ ಬೆರೆಸಿ ರಾಕೆಟ್ ಮಾಡುತ್ತಿದ್ದರು, ಗಾಯ ಮಾಡಿಕೊಳ್ಳುತ್ತಿದ್ದರು. ರಾಕೆಟ್ ಎಂಜಿನಿಯರ್ ಜಿ. ಹ್ಯಾರಿ ಸ್ಟೈನ್ ಅದರ ಬಗ್ಗೆ ಬರೆದದ್ದನ್ನು ಓದಿದ್ದು ನೆಬ್ರಾಸ್ಕಾದಲ್ಲಿ ಚಪ್ಪಲಿ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್. ಅವರು ತಾವು 1954ರಲ್ಲೇ ಮಾಡಿದ್ದ ಕಾಗದದ ರಾಕೆಟ್ಟನ್ನೂ, ಇಂಧನ ತುಂಬಿದ, ಒಮ್ಮೆ ಉರಿಸಿ ಎಸೆಯುವ ಸಣ್ಣ ಮೋಟಾರನ್ನೂ ಸ್ಟೈನ್‌ಗೆ ಕಳಿಸಿಕೊಟ್ಟರು. ಆಮೇಲೆ ವರ್ನ್ ಎಸ್ಟೆಸ್ ಆ ಮೋಟಾರನ್ನು ಒತ್ತಿ ತಯಾರಿಸುವ ಯಂತ್ರ ಕಟ್ಟಿದರು. ಅಂದಮೇಲೆ ಮಾಡೆಲ್ ರಾಕೆಟ್ಟಿನ ಮೊದಲ ಷರತ್ತೇ ಇದು: ಇಂಧನವನ್ನು ಹಾರಿಸುವವರು ಮುಟ್ಟಬಾರದು. ಸಿ6-5 ಎಂದು ಮೋಟಾರಿನ ಮೇಲೆ ಇರುತ್ತದಲ್ಲ, ಸಿ ಎಂದರೆ ಒಟ್ಟು ನೂಕು 5ರಿಂದ 10 ನ್ಯೂಟನ್-ಸೆಕೆಂಡ್, 6 ಎಂದರೆ ಸರಾಸರಿ ಬಲ 6 ನ್ಯೂಟನ್, ಉರಿ ಮುಗಿದ 5 ಸೆಕೆಂಡಿಗೆ ಪ್ಯಾರಾಚೂಟ್ ಹೊರದಬ್ಬುವ ಮದ್ದು ಹತ್ತುತ್ತದೆ. ಅಷ್ಟು ನಂಬಿಕೆಯಿಂದ ಹೇಳಬಹುದಾದ ಮೋಟಾರು ಬಾಣಲೆಯಲ್ಲಿ ಆಗುವುದಿಲ್ಲ. ಕಾನೂನೂ ಇದೆ: 1884ರ ಸ್ಫೋಟಕ ಕಾಯ್ದೆ, 2008ರ ನಿಯಮಗಳು. ಪರವಾನಗಿ ಇಲ್ಲದೆ ಸ್ಫೋಟಕ ತಯಾರಿಸಿದರೆ ಅಪರಾಧ. ಹಾಸ್ಟೆಲ್ಲಿಗೆ ಪೊಲೀಸರು ಬಂದರೆ ಕ್ಲಬ್ಬಿನ ಅಧ್ಯಕ್ಷೆ ಎಂದು ಮೊದಲು ಕರೆಯುವುದು ನಿನ್ನನ್ನೇ.

ಆದರೂ ನನ್ನ ನಿದ್ದೆಗೆಡಿಸುವುದು ಸಿಡಿಯುವ ರಾಕೆಟ್ಟಲ್ಲ, ಸುಮ್ಮನೆ ನಿಂತ ರಾಕೆಟ್ಟು. ಬಟನ್ ಒತ್ತಿದೆ, ಏನೂ ಆಗಲಿಲ್ಲ. ಸುತ್ತ ಮಕ್ಕಳು. ಎಲ್ಲರಿಗೂ ಬೇಸರ, ಯಾರೋ ಒಬ್ಬ ನಗುತ್ತಾನೆ, ನಿನಗೆ ಅವಮಾನವಾಗುತ್ತದೆ, ಕಿಡಿ ಹೊತ್ತಿಸುವ ಇಗ್ನೈಟರ್ ಕಳಚಿರಬೇಕು ಎಂದು ನೀನು ಎದ್ದು ಹೊರಡುತ್ತೀ. ಆ ನಾಲ್ಕು ಹೆಜ್ಜೆಯದೇ ನನಗೆ ಭಯ. ಕಾರ್ಖಾನೆಯ ಮೋಟಾರಿಗೂ ನಿಯಮ ಇದೆ: ಬಟನ್ ಪೆಟ್ಟಿಗೆಯ ಸೇಫ್ಟಿ ಕೀ ಕಿತ್ತು ಕೈಯಲ್ಲಿ ಹಿಡಿದುಕೋ, ಇಲ್ಲವೇ ಬ್ಯಾಟರಿ ತಂತಿ ಬಿಡಿಸು, ಆಮೇಲೆ ಪೂರ್ತಿ 60 ಸೆಕೆಂಡು ಕಾಯಿ. ಅಲ್ಲಿಯವರೆಗೆ ಯಾರೂ ಹತ್ತಿರ ಹೋಗಬಾರದು. ಒಳಗೆ ಮೆಲ್ಲಗೆ ಹೊಗೆಯಾಡುತ್ತಿರುವ ಕಿಡಿ ಹೊರಗೆ ಕಾಣುವುದಿಲ್ಲ. ಮನೆಯಲ್ಲಿ ಮಾಡಿದ ಮೋಟಾರಿಗಾದರೆ ಎಷ್ಟು ಹೊತ್ತು ಕಾದರೆ ಸಾಕು ಎಂದು ಯಾರಿಗೂ ಗೊತ್ತಿಲ್ಲ.

ಶಿರಸಿ ಕಡೆಯ ಶಾಲೆಯ ಮಕ್ಕಳಿಗೆ ಮಾತು ಕೊಟ್ಟಾಗಿದೆ, ಈಗ ಬರಿಗೈಯಲ್ಲಿ ಹೇಗೆ ಹೋಗಲಿ ಎಂದು ಕೇಳಿದೆಯಲ್ಲ. ಆರು, ಏಳನೇ ತರಗತಿಯವರಿಗೆ ಬಾಟಲಿಗೆ ನೀರು ಹಾಕಿ ಗಾಳಿ ಒತ್ತಿ ಹಾರಿಸುವ ನೀರಿನ ರಾಕೆಟ್ಟೇ ಸರಿ. ಜನವರಿಯಲ್ಲಿ ಬೇಣದ ಹುಲ್ಲು, ದರಕು ಎಲ್ಲ ಒಣಗಿರುತ್ತದೆ, ಅಲ್ಲಿ ಕಿಡಿ ಉಗುಳುವ ಯಾವುದನ್ನೂ ಹಾರಿಸಬಾರದು.

ಬಾಟಲಿ ಗ್ಯಾಸ್ ತುಂಬಿದ ತಂಪು ಪಾನೀಯದ್ದೇ ಆಗಬೇಕು, ತಳದಲ್ಲಿ ಐದು ಕಾಲಿನ ಆಕಾರ ಇರುವುದು, 2 ಲೀಟರಿನದು. ಕುಡಿಯುವ ನೀರಿನ ತೆಳು ಬಾಟಲಿ ಒತ್ತಡ ತಡೆಯುವುದಿಲ್ಲ. ಮೈಗೆ ಸ್ಯಾಂಡ್‌ಪೇಪರ್ ತಿಕ್ಕಬೇಡ, ಗ್ಲೂ ಗನ್ನಿನ ಬಿಸಿ ಅಂಟು ತಾಗಿಸಬೇಡ. ಎರಡೂ ಬಾಟಲಿಯನ್ನು ಅಲ್ಲಲ್ಲೇ ದುರ್ಬಲ ಮಾಡುತ್ತವೆ, ಒಡೆಯುವುದು ಅಲ್ಲಿಂದಲೇ. ಬಾಲದ ರೆಕ್ಕೆಗೆ, ಅಂದರೆ ಫಿನ್ನಿಗೆ, ಬ್ಯಾನರ್ ಮಾಡುವ ಸನ್‌ಪ್ಯಾಕ್ ಹಾಳೆ ಸಾಕು, ಮೂರು ಕತ್ತರಿಸಿ ಟೇಪಿನಿಂದ ಬಿಗಿ. ಈ ಕೆಲಸದಲ್ಲಿ ನಿನ್ನ ಕೈ ನನ್ನದಕ್ಕಿಂತ ನಯ, ನೀನು ಕೂರಿಸಿದ ಫಿನ್ ಓರೆಯಾದದ್ದು ನಾನು ಕಂಡಿಲ್ಲ. ಮೂತಿಗೆ ಅರ್ಧ ಕತ್ತರಿಸಿದ ಸ್ಪಂಜಿನ ಚೆಂಡು, ಅದರೊಳಗೆ 50-60 ಗ್ರಾಂ ಜೇಡಿಮಣ್ಣು. ಚೂಪು ಮೂತಿ ಬೇಡ.

ಬಾಟಲಿ ಖಾಲಿ ಇರುವಾಗಲೇ ತೂಗಿ ನೋಡು, ಏಕೆಂದರೆ ನೀರೆಲ್ಲ ಒಂದು ಸೆಕೆಂಡಿನೊಳಗೆ ಹೊರಬಿದ್ದು ಉಳಿದ ಹಾರಾಟ ಖಾಲಿ ಬಾಟಲಿಯದೇ. ಬೆರಳ ಮೇಲೆ ಸಮತೋಲವಾಗಿ ನಿಲ್ಲುವ ಜಾಗ ತೂಕದ ಕೇಂದ್ರ. ರಾಕೆಟ್ಟಿನ ಪಕ್ಕದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಅದನ್ನೂ ಬೆರಳ ಮೇಲೆ ನಿಲ್ಲಿಸಿದರೆ ಗಾಳಿ ಒತ್ತುವ ಕೇಂದ್ರ ಸುಮಾರಾಗಿ ಸಿಗುತ್ತದೆ. ಮೊದಲನೆಯದು ಎರಡನೆಯದಕ್ಕಿಂತ ಮೂತಿಯ ಕಡೆಗೆ, ಬಾಟಲಿಯ ಒಂದು ವ್ಯಾಸದಷ್ಟಾದರೂ ಮುಂದಿರಬೇಕು. ಇಲ್ಲದಿದ್ದರೆ ಮೇಲೆ ಹೋದದ್ದು ಪಲ್ಟಿ ಹೊಡೆದು ಮಕ್ಕಳ ಮೇಲೇ ಬರಬಹುದು. ತೂಕದ ಕೇಂದ್ರಕ್ಕೆ ದಾರ ಕಟ್ಟಿ ತಲೆಯ ಸುತ್ತ ತಿರುಗಿಸು. ಮೂತಿ ಮುಂದಾಗಿ ತಿರುಗಿದರೆ ಸರಿ, ತೇಲಾಡಿದರೆ ಇನ್ನಷ್ಟು ಮಣ್ಣು ಹಾಕು.

ಇನ್ನು ಬಾಟಲಿ ಕೂರಿಸಿ ಹಾರಿಸುವ ಲಾಂಚರ್. ಅರ್ಧ ಇಂಚಿನ ಯುಪಿವಿಸಿ ಪೈಪಿನ ಹೊರ ವ್ಯಾಸ 21.3 ಮಿ.ಮೀ., ಅದು ಈ ಬಾಟಲಿಗಳ ಬಾಯೊಳಗೆ ಸರಿಯಾಗಿ ಇಳಿಯುತ್ತದೆ. ಸೋರದಂತೆ ಒಂದು ರಬ್ಬರ್ ಬಳೆ, ಓ-ರಿಂಗ್. ಬಾಟಲಿಯ ಕುತ್ತಿಗೆಯ ಬಳೆಯನ್ನು ಹಿಡಿಯಲು ಸುತ್ತ ಕೇಬಲ್ ಟೈ, ಅವುಗಳ ಮೇಲೆ ಜಾರುವ ದಪ್ಪ ಪೈಪಿನ ತುಂಡು. ಹಗ್ಗ ಎಳೆದರೆ ತುಂಡು ಕೆಳಗೆ ಸರಿದು ಬಾಟಲಿ ಬಿಡುಗಡೆಯಾಗಬೇಕು. ಪೈಪಿನ ಇನ್ನೊಂದು ತುದಿಯ ಎಂಡ್ ಕ್ಯಾಪಿಗೆ 11.5 ಮಿ.ಮೀ. ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವನ್ನು, ಗಾಳಿ ಹಿಂದಕ್ಕೂ ಬರುವಂತೆ ಒಳಗಿನ ಪಿನ್ನು ಬಿಚ್ಚಿ ತೆಗೆದು, ಎಳೆದು ಕೂರಿಸು, ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತದೆ. ಪಂಪಿಗೆ ಮೀಟರ್ ಇರಲೇಬೇಕು. ಮೊದಲು ಬಾಟಲಿ ತುಂಬ ನೀರು ತುಂಬಿ 80 ಪಿಎಸ್ಐವರೆಗೆ ಒತ್ತಿ ನೋಡು. ನೀರು ಗಾಳಿಯಂತೆ ಒತ್ತಿ ಕುಗ್ಗುವುದಿಲ್ಲ, ಹಾಗಾಗಿ ಬಾಟಲಿ ಬಿರಿದರೂ ಸಿಡಿಯದೆ ಸೋರಿ ಮುಗಿಯುತ್ತದೆ. ಹಾರಿಸುವಾಗ ಮೂರನೇ ಒಂದು ಪಾಲು ನೀರು, 60 ಪಿಎಸ್ಐ, ಅದರ ಮೇಲೆ ಒಂದು ಒತ್ತೂ ಬೇಡ. ನೀರು ಹೆಚ್ಚಾದರೆ ಗಾಳಿಗೆ ಜಾಗ ಕಡಿಮೆ, ಕಡಿಮೆಯಾದರೆ ಹಿಂದಕ್ಕೆ ಎಸೆಯಲು ತೂಕವೇ ಇರುವುದಿಲ್ಲ. ಮಡಿಕೆಯೋ ಬಿಳಿ ಗೆರೆಯೋ ಬಿದ್ದ ಬಾಟಲಿ ಎಸೆದುಬಿಡು.

ಮತ್ತೆ ಅದಕ್ಕೇ ಬಂದೆ ಎಂದು ಸಿಟ್ಟಾಗಬೇಡ. ಹಗ್ಗ ಎಳೆದರೂ ಬಾಟಲಿ ಬಿಡದೆ ನಿಂತರೆ? ಬೆಂಕಿ ಇಲ್ಲವಲ್ಲ ಎಂದು ಮಕ್ಕಳು ಓಡಿ ಹೋಗಿ ಅಲುಗಾಡಿಸುತ್ತಾರೆ. 60 ಪಿಎಸ್ಐನಲ್ಲಿ ಆ ಬಾಟಲಿಯ ಗಾಳಿ ಹಿಗ್ಗಿದರೆ ಕೊಡುವ ಶಕ್ತಿ 300 ಜೌಲ್‌ಗೂ ಮೇಲೆ. ಒಂದೂವರೆ ಕಿಲೋ ತೆಂಗಿನಕಾಯಿ 20 ಮೀಟರ್ ಎತ್ತರದಿಂದ ತಲೆಯ ಮೇಲೆ ಬಿದ್ದಷ್ಟು. ಅದಕ್ಕೆ ಪಂಪಿನ ಹತ್ತಿರ ಮೂರು ಬಾಯಿಯ ಒಂದು ಟಿ ಜೋಡಿಸಿ ಬಾಲ್ ವಾಲ್ವ್ ಹಾಕು, ಪಂಪಿಗೂ ಲಾಂಚರಿಗೂ ನಡುವೆ 6 ಮೀಟರ್ ಗಾಳಿಯ ಪೈಪ್ ಬಿಡು. ಬಾಟಲಿ ಹಾರಲಿಲ್ಲವೋ, ಕೂತಲ್ಲಿಂದಲೇ ವಾಲ್ವ್ ತೆರೆ, ಮೀಟರ್ ಸೊನ್ನೆಗೆ ಬರುವ ತನಕ ನೋಡು, ಆಮೇಲೂ ನೀನೊಬ್ಬಳೇ ಹೋಗು, ಕನ್ನಡಕ ಹಾಕಿಕೊಂಡು. ಲಾಂಚರಿನ ಮೇಲೆ ಎಂದೂ ಬಗ್ಗಬೇಡ. ಈ ಬಾಲ್ ವಾಲ್ವ್ ಮೊದಲು ಹಾಕು, ಬಾಟಲಿ ಆಮೇಲೆ ಅಂಟಿಸು. ಈ ಒಂದು ಮಾತು ಕೇಳಿದರೆ ಉಳಿದದ್ದು ನಿನ್ನಿಷ್ಟ.

ಜಾಗ ನೋಡುವಾಗ ಎಲ್ಲ ಕಡೆ 50 ಮೀಟರ್ ಬಯಲಿರಲಿ, ಕರೆಂಟ್ ತಂತಿ ಇರದಿರಲಿ. ತಂತಿಗೆ ಸಿಕ್ಕಿದ ಬಾಟಲಿ ಅಲ್ಲೇ ಇರಲಿ. ಅಡಿಕೆ ಮರಕ್ಕೆ ಸಿಕ್ಕಿದರೆ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬಂದಾಗ ತೆಗೆಸಿದರಾಯಿತು, ಮಕ್ಕಳನ್ನು ಹತ್ತಿಸಬೇಡ. ಆಮೇಲೆ ನಿನ್ನ ಗೆಳತಿಯರು ಕಾರವಾರದ ಕಡಲತೀರದಲ್ಲೂ ಹಾರಿಸೋಣ ಎಂದರಂತೆ. ಅರ್ಗಾದಲ್ಲಿ ನೌಕಾನೆಲೆ ಇರುವ ಊರದು, ಕೇಳದೆ ಆಕಾಶಕ್ಕೆ ಏನನ್ನೂ ಬಿಡುವಂತಿಲ್ಲ. ಕುಮಟಾ ಕಡೆಯ ಕೊಯ್ಲಾದ ಗದ್ದೆಗೇ ಬನ್ನಿ, ಬೆಳಿಗ್ಗೆ ಒಂಬತ್ತರೊಳಗೆ. ಮಧ್ಯಾಹ್ನವಾದರೆ ಕಡಲ ಗಾಳಿ ಬೀಸುತ್ತದೆ, ಫಿನ್ ಇರುವ ರಾಕೆಟ್ಟು ಮೂತಿಯನ್ನು ಗಾಳಿ ಬರುವ ದಿಕ್ಕಿಗೇ ತಿರುಗಿಸಿ ಪಡುವಣಕ್ಕೆ ಓಡುತ್ತದೆ. ಅದು ಬೀಳುವ ಕಡೆ ನೋಡುವವರನ್ನು ನಿಲ್ಲಿಸಬೇಡ.

ಊರಿನ ಮಕ್ಕಳಿಗೆ ಇದನ್ನು ತೋರಿಸಬೇಕು ಎಂದು ನಿನಗೆ ಅನಿಸಿತಲ್ಲ, ಅದು ಕೇಳಿ ನನಗೆ ಆದ ಸಂತೋಷ ನಿನ್ನೆ ಹೇಳಲಾಗಲಿಲ್ಲ. ಜಗಳ ಮೊದಲು ಬಂತು. ಅಪ್ಪ ಪಂಪು ಒರೆಸಿ ಎಣ್ಣೆ ಬಿಟ್ಟಿಟ್ಟಿದ್ದಾನೆ. ನೈಟ್ರೇಟು ಯಾರ ಹತ್ತಿರ ಇದೆಯೋ ಅವರು ಅದನ್ನು ಲ್ಯಾಬಿನವರಿಗೆ ಒಪ್ಪಿಸಲಿ. ಒಪ್ಪಿಸಿದ ಮೇಲೆ ಒಂದು ಮೆಸೇಜ್ ಹಾಕು. ಮಕ್ಕಳು ಎಷ್ಟು ಜನ ಎಂದೂ ತಿಳಿಸು, ಕನ್ನಡಕ ಅಷ್ಟೇ ತರಬೇಕು.

ನಿನ್ನ
ಆಯಿ