ಈಜುಕೊಳದಿಂದ ಶುರು ಮಾಡಬೇಡ

ತಮ್ಮಾ,

ರೋಲಿಂಗ್ ಸ್ಟೋನ್ಸ್ ಅನ್ನುವ ಇಂಗ್ಲಿಷ್ ರಾಕ್ ಬ್ಯಾಂಡ್ ಕಟ್ಟಿದ ಬ್ರಯನ್ ಜೋನ್ಸ್ ಬಗ್ಗೆ ನೀನು ಬರೆದು ಕಳಿಸಿದ್ದನ್ನು ಎರಡು ಸಲ ಓದಿದೆ. ಮೊದಲ ಸಲ ಗಂಟಲು ಕಟ್ಟಿತು. ಎರಡನೇ ಸಲ ನಿನ್ನ ಮೇಲೆ ಸ್ವಲ್ಪ ಸಿಟ್ಟು ಬಂತು. ಬೇಜಾರು ಮಾಡಿಕೊಳ್ಳಬೇಡ, ಯಾಕೆ ಅಂತ ಹೇಳುತ್ತೇನೆ.

ನಿನ್ನ ಲೇಖನ ಶುರುವಾಗುವುದೇ ನೀರಿನಿಂದ. 1969ರ ಜುಲೈ 2ರ ರಾತ್ರಿ, ಇಂಗ್ಲೆಂಡಿನ ಸಸೆಕ್ಸ್‌ನ ಒಂದು ಹಳೇ ತೋಟದ ಮನೆ, ಹಿತ್ತಲಲ್ಲಿ ಈಜುಕೊಳ, ಅದರೊಳಗೆ 27 ವರ್ಷದ ಒಬ್ಬ ಹುಡುಗ. ಅಲ್ಲಿಂದ ಹಿಂದಕ್ಕೆ ಹೋಗುತ್ತೀಯ. ಕುಡಿತ, ಮಾತ್ರೆಗಳು, ಪೊಲೀಸರು, ಬಿಟ್ಟು ಹೋದ ಗೆಳತಿ, ಬ್ಯಾಂಡಿನಿಂದ ಹೊರಗೆ ಹಾಕಿದ್ದು. ಮತ್ತೆ ನೀರಿಗೇ ಬಂದು ಮುಗಿಸುತ್ತೀಯ. ವಾಕ್ಯಗಳೇನೋ ಚೆನ್ನಾಗಿವೆ. ಆದರೆ ಇಷ್ಟುದ್ದದ ಬರಹದಲ್ಲಿ ಅವನು ಒಂದೇ ಒಂದು ಸಲ ಕೂಡ ವಾದ್ಯವನ್ನು ಕೈಗೆತ್ತಿಕೊಳ್ಳುವುದಿಲ್ಲವಲ್ಲ!

ನಾನೂ ಇದನ್ನೇ ಮಾಡಿದವನು. ನಿನ್ನ ವಯಸ್ಸಿನಲ್ಲಿ, ಕುಡಿದು ಕುಡಿದು ತೀರಿಕೊಂಡ ಒಬ್ಬ ಗೆಳೆಯನ ನೆನಪು ಬರೆದಿದ್ದೆ. ಓದಿದವರೆಲ್ಲ ಕಣ್ಣೊರೆಸಿಕೊಂಡರು, ನಾನೂ ಒಳಗೊಳಗೇ ಉಬ್ಬಿದೆ. ಒಬ್ಬರು ಮಾತ್ರ ಕೊನೇವರೆಗೂ ಓದಿ, "ಎಲ್ಲಾ ಸರಿ, ಅವನು ಏನು ನುಡಿಸ್ತಿದ್ದ?" ಅಂದರು. ಹಾಳೆ ತಿರುವಿ ನೋಡಿದೆ. ಎಲ್ಲೂ ಇರಲಿಲ್ಲ. ಬಾಟಲಿಯ ಬಣ್ಣ ಬರೆದಿದ್ದೆ, ವಾದ್ಯದ ಹೆಸರು ಬರೆದಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಕೈಯಿಂದ ಶುರು ಮಾಡು. 1962ರಲ್ಲಿ ಲಂಡನ್ನಿನ ಈಲಿಂಗ್‌ನ ಒಂದು ನೆಲಮಾಳಿಗೆ ಕ್ಲಬ್ಬಿನಲ್ಲಿ, ಎಲ್ಮೋ ಲೂಯಿಸ್ ಅಂತ ಹೆಸರು ಬದಲಿಸಿಕೊಂಡು, ಚೆಲ್ಟನಮ್ ಊರಿನ ಈ ಹುಡುಗ ಸ್ಲೈಡ್ ಗಿಟಾರ್ ನುಡಿಸುತ್ತಿದ್ದ. ಬೆರಳಿಗೊಂದು ಕೊಳವೆ ಸಿಕ್ಕಿಸಿ ತಂತಿಯ ಮೇಲೆ ಜಾರಿಸುವುದು. ಸ್ವರ ಮೆಟ್ಟಿಲು ಹತ್ತುವ ಬದಲು ಗಂಟಲಿನ ಹಾಗೆ ಎಳೆದುಕೊಂಡು ಹೋಗುತ್ತದೆ. ಆಗ ಇಂಗ್ಲೆಂಡಿನಲ್ಲಿ ಅದನ್ನು ನುಡಿಸುವವರು ಇದ್ದದ್ದೇ ಬೆರಳೆಣಿಕೆ. ಮುಂದೆ ಅವನ ಬ್ಯಾಂಡಿನಲ್ಲಿ ಹಾಡಿದ ಮಿಕ್ ಜಾಗರ್, ಗಿಟಾರ್ ನುಡಿಸಿದ ಕೀತ್ ರಿಚರ್ಡ್ಸ್, ಇಬ್ಬರೂ ಅವನನ್ನು ಮೊದಲು ಕಂಡದ್ದು ಅಲ್ಲೇ, ಕೇಳುವವರ ನಡುವೆ ನಿಂತು. ಬ್ಯಾಂಡ್ ಕಟ್ಟಲು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟವನು ಅವನು. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಹಾಡುಗಾರ ಮಡ್ಡಿ ವಾಟರ್ಸ್‌ನ ಹಾಡಿನಿಂದ ಎತ್ತಿ ರೋಲಿಂಗ್ ಸ್ಟೋನ್ಸ್ ಅಂತ ಹೆಸರಿಟ್ಟವನೂ ಅವನೇ. ಇದನ್ನು ಮೊದಲೇ ಹೇಳಿದರೆ, ಏಳು ವರ್ಷದ ನಂತರ ಅವನನ್ನು ಹೊರಗೆ ಹಾಕುವ ಮಾತಿಗೆ ಅದೇ ಮೂವರು ಒಂದು ಕೋಣೆಯಲ್ಲಿ ಕೂರುವ ಹೊತ್ತಿಗೆ ಓದುವವನ ಎದೆ ತಾನಾಗೇ ಭಾರವಾಗುತ್ತದೆ, ನೀನು 'ವಿಧಿ' ಅನ್ನುವ ಪದವನ್ನು ನಾಲ್ಕು ಸಲ ತರಬೇಕಾಗಿಲ್ಲ. (ಎಣಿಸಿದ್ದೇನೆ, ನಾಲ್ಕು ಸಲ ಇದೆ.)

ಆಮೇಲೆ 1966 ಮತ್ತು 67. ಇಲ್ಲಿ ನಿಧಾನ ಮಾಡು, ಇದೇ ಅವನ ಹೊಲ. ಗಿಟಾರ್ ಬೇಸರವಾಗಿತ್ತೋ ಏನೋ, ಸ್ಟುಡಿಯೋದಲ್ಲಿ ಏನು ಸಿಕ್ಕರೂ ಎತ್ತಿಕೊಂಡು ನುಡಿಸುತ್ತಿದ್ದ. 'ಪೇಂಟ್ ಇಟ್ ಬ್ಲ್ಯಾಕ್' ಹಾಡಿಗೆ ಸಿತಾರ್. ಟಿವಿಯಲ್ಲಿ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು ಅದನ್ನು ನುಡಿಸಿದ. ಸಿತಾರ್ ಬಲ್ಲವರು ನಕ್ಕಾರು, ನಗಲಿ ಬಿಡು, ಅವನಿಗೆ ಬೇಕಾಗಿದ್ದದ್ದು ರಾಗ ಅಲ್ಲ, ಆ ಝೇಂಕಾರ. 'ಅಂಡರ್ ಮೈ ಥಂಬ್' ಹಾಡಿಗೆ ಮರಿಂಬಾ, ಅಂದರೆ ಮರದ ಪಟ್ಟಿಗಳನ್ನು ಕೋಲಿನಿಂದ ಬಡಿಯುವ ವಾದ್ಯ. ಒಮ್ಮೆ ಆ ಹಾಡಿನಿಂದ ಮರಿಂಬಾ ತೆಗೆದುಹಾಕಿ ಮನಸ್ಸಿನಲ್ಲೇ ಕೇಳಿ ನೋಡು, ಒಬ್ಬ ಗಂಡಸಿನ ಜಂಭ ಬಿಟ್ಟರೆ ಅಲ್ಲೇನೂ ಉಳಿಯುವುದಿಲ್ಲ. 'ರೂಬಿ ಟ್ಯೂಸ್‌ಡೇ'ಗೆ ರೆಕಾರ್ಡರ್, ಶಾಲೆ ಮಕ್ಕಳು ಊದುವ ಆ ಸಾದಾ ಕೊಳಲು. ಬೀಟಲ್ಸ್‌ನ ಒಂದು ತಮಾಷೆ ಹಾಡಿಗೆ ಹೋಗಿ ಸ್ಯಾಕ್ಸೊಫೋನ್ ಊದಿ ಬಂದ. 1968ರಲ್ಲಿ ಮೊರಾಕೊದ ಜಜೂಕಾ ಎಂಬ ಹಳ್ಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಅಲ್ಲಿಯವರ ಸಂಗೀತ ಹಿಡಿದು ತಂದ. ಆ ರೆಕಾರ್ಡು ಹೊರಬಂದದ್ದು 1971ರಲ್ಲಿ, ಅವನು ಸತ್ತ ಮೇಲೆ.

ಆದರೆ ಈ ಯಾವ ಸ್ಟೋನ್ಸ್ ಹಾಡಿನ ಕೆಳಗೂ ಅವನ ಹೆಸರಿಲ್ಲ. ಎಲ್ಲ ಕಡೆ ಜಾಗರ್–ರಿಚರ್ಡ್ಸ್. ಇದು ನಿನ್ನ ಲೇಖನದಲ್ಲಿ ಬಂದೇ ಇಲ್ಲ, ಅವನು ಮೂಲೆಗೆ ಬಿದ್ದದ್ದು ಅರ್ಥವಾಗಬೇಕಾದರೆ ಮಾತ್ರೆಗಳಿಗಿಂತ ಇದು ಜಾಸ್ತಿ ಬೇಕು. ಶುರುವಿನಲ್ಲಿ ಅವರು ಬೇರೆಯವರ ಬ್ಲೂಸ್ ಹಾಡುಗಳನ್ನು ಹಾಡುತ್ತಿದ್ದರು, ಆಗ ಬ್ಲೂಸ್ ಚೆನ್ನಾಗಿ ಗೊತ್ತಿದ್ದ ಬ್ರಯನ್ನೇ ಯಜಮಾನ. 1963ರಲ್ಲಿ ಮ್ಯಾನೇಜರ್ ಆಗಿ ಬಂದ ಆಂಡ್ರ್ಯೂ ಓಲ್ಡಮ್, ಸ್ವಂತ ಹಾಡು ಬರೆಯದೆ ಹೀಗೆ ಎಷ್ಟು ದಿನ ಅಂತ ಮಿಕ್ ಮತ್ತು ಕೀತ್‌ರನ್ನು ಹಾಡು ಕಟ್ಟಲು ಕೂರಿಸಿದ. ಹಾಡು ಬರೆದವರಿಗೆ ರಾಯಲ್ಟಿ ದುಡ್ಡು ಬೇರೆ ಬರುತ್ತದೆ, ದುಡ್ಡಿನ ಹಿಂದೆಯೇ ಅಧಿಕಾರವೂ ಬರುತ್ತದೆ. 'ರೂಬಿ ಟ್ಯೂಸ್‌ಡೇ'ಯ ಆ ಕೊಳಲಿನ ರಾಗ ಹಾಡಿಗೆ ಉಸಿರು ಕೊಟ್ಟಿರಬಹುದು, ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದಕ್ಕೆ ಕಾಲಂ ಇಲ್ಲ. ಬ್ರಯನ್‌ಗೆ ಹಾಡು ಬರೆಯಲು ಬರಲಿಲ್ಲವೋ, ಧೈರ್ಯ ಬರಲಿಲ್ಲವೋ, ಅದನ್ನು ನೀನು ತೀರ್ಮಾನ ಮಾಡಲು ಹೋಗಬೇಡ.

ಇನ್ನು ನಿನ್ನ ಬ್ರಯನ್ ತುಂಬಾ ಒಳ್ಳೆಯವನು. ಅಷ್ಟು ಒಳ್ಳೆಯವನಾಗಿರಲಿಲ್ಲ ಕಣೋ. ಆರಂಭದ ದಿನಗಳಲ್ಲಿ, ತಾನು ನಾಯಕ ಅಂತ ಉಳಿದವರಿಗೆ ಗೊತ್ತಾಗದ ಹಾಗೆ ವಾರಕ್ಕೆ 5 ಪೌಂಡ್ ಜಾಸ್ತಿ ತೆಗೆದುಕೊಳ್ಳುತ್ತಿದ್ದ. ಗೊತ್ತಾದ ಮೇಲೆ ಅವರು ಅದನ್ನು ಮರೆಯಲೇ ಇಲ್ಲ. ಐದೇ ಪೌಂಡ್! ಕಥೆ ಬರೆಯುವವನಿಗೆ ಇಂಥ ವಿವರ ಸಿಕ್ಕರೆ ಬಿಡಬಾರದು. ಬೇರೆ ಬೇರೆ ಹೆಂಗಸರಲ್ಲಿ ಅವನಿಗೆ ಮಕ್ಕಳಿದ್ದವು, ಅವರನ್ನು ಸಾಕುವ ಗೋಜಿಗೆ ಹೋಗಲಿಲ್ಲ. ಮತ್ತೆ ನೀನು, ಅವನ ಗೆಳತಿ ಅನಿತಾ ಪ್ಯಾಲನ್‌ಬರ್ಗ್ ಅವನಿಗೆ 'ಮೋಸ ಮಾಡಿದಳು' ಅಂತ ಬರೆದಿದ್ದೀಯ. ಅವನು ಅವಳಿಗೆ ಹೊಡೆಯುತ್ತಿದ್ದ. 1967ರ ಮೊರಾಕೊ ಪ್ರವಾಸದಲ್ಲಿ ಅವಳು ಕೀತ್ ಜೊತೆ ಹೊರಟು ಹೋದಳು. ಆ ಪದ ತೆಗೆ. ನಡೆದದ್ದನ್ನು ನಡೆದ ಹಾಗೆ ಇಡು. ಅವನ ಮೇಲೆ ಓದುವವನಿಗೆ ಸಿಟ್ಟು ಬಂದರೆ ಬರಲಿ, ಸಿಟ್ಟು ಬಂದ ಮೇಲೂ ಆ ಸ್ಲೈಡ್ ಕಿವಿಯಿಂದ ಹೋಗುವುದಿಲ್ಲ, ಬರೆಯಲು ಕಷ್ಟವಾಗುವುದೂ ಅಲ್ಲೇ.

ಈಗ 1969ರ ಜೂನ್ 8. ಮಿಕ್, ಕೀತ್, ಡ್ರಮ್ಸ್ ನುಡಿಸುವ ಚಾರ್ಲಿ ವಾಟ್ಸ್, ಮೂವರೂ ಅವನ ಮನೆಗೆ ಹೋಗಿ ಇನ್ನು ಸಾಕು ಅಂತ ಹೇಳಿದರು. ನೀನು ಇಲ್ಲಿ ಅವರಿಗೆ ಖಳನಾಯಕರ ಮಾತು ಕೊಟ್ಟಿದ್ದೀಯ, ಅದೂ ನಿನ್ನದೇ ಕಲ್ಪನೆಯ ಮಾತು. ಬೇಡ. ಅವನು ರೆಕಾರ್ಡಿಂಗ್‌ಗೆ ಸರಿಯಾಗಿ ಬರುತ್ತಿರಲಿಲ್ಲ, ಬಂದರೂ ನುಡಿಸುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಅಮೆರಿಕ ಪ್ರವಾಸ ಎದುರಿಗಿತ್ತು. ಮಾದಕವಸ್ತು ಕೇಸುಗಳಲ್ಲಿ ಎರಡು ಸಲ ಸಿಕ್ಕಿಬಿದ್ದವನಿಗೆ ವೀಸಾ ಸಿಗುವುದೇ ಕಷ್ಟವಿತ್ತು. ಆ ವರ್ಷ ಬಂದ ಆಲ್ಬಮ್ಮಿನಲ್ಲಿ ಅವನದು ಎಂದು ಇರುವುದು ಒಂದು ಹಾಡಿನಲ್ಲಿ ಕಾಂಗಾ ಅನ್ನುವ ಕೈಯಲ್ಲಿ ಬಡಿಯುವ ಡೋಲು, ಇನ್ನೊಂದರಲ್ಲಿ ಆಟೋಹಾರ್ಪ್ ಅನ್ನುವ ತಂತಿವಾದ್ಯ, ಅಷ್ಟೇ. ಮೂರು ವರ್ಷದ ಹಿಂದೆ ಕೈಗೆ ಸಿಕ್ಕಿದ್ದೆಲ್ಲ ನುಡಿಸುತ್ತಿದ್ದ ಹುಡುಗ! ಈ ಲೆಕ್ಕವನ್ನು ಸುಮ್ನೆ ಬರೆದಿಟ್ಟು ಮುಂದೆ ಹೋಗು. ಮರುದಿನ ಅವನು ಪತ್ರಿಕೆಗಳಿಗೆ, ಈಗ ಮಾಡುತ್ತಿರುವ ಸಂಗೀತದ ವಿಷಯದಲ್ಲಿ ತನಗೂ ಉಳಿದವರಿಗೂ ಹೊಂದುತ್ತಿಲ್ಲ ಅಂತ ಹೇಳಿಕೆ ಕೊಟ್ಟ, ತಾನೇ ಬಿಟ್ಟವನ ಹಾಗೆ. ಮಾನ ಉಳಿಸಿಕೊಳ್ಳುವ ಆ ಒಂದು ಹೇಳಿಕೆ ನಿನ್ನ ಎರಡು ಪುಟದ ಅಳುವಿಗಿಂತ ಜಾಸ್ತಿ ಹೇಳುತ್ತದೆ.

ಅವನನ್ನು ಯಾರೋ ಕೊಂದರು ಅಂತ ನೀನು ಬರೆದ ಪ್ಯಾರಾಗಳನ್ನು ಪೂರ್ತಿ ಹೊಡೆದು ಹಾಕಿದ್ದೇನೆ. ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ಕರೋನರ್, ಬರೆದದ್ದು ಆಕಸ್ಮಿಕ ಸಾವು ಅಂತ. ಎಷ್ಟೋ ವರ್ಷದ ನಂತರ ಪೊಲೀಸರು ಮತ್ತೆ ಕಡತ ತೆಗೆದು ನೋಡಿ, ಹೊಸದಾಗಿ ಏನೂ ಇಲ್ಲ ಅಂದರು. ಪತ್ತೇದಾರಿಕೆ ಶುರುವಾದರೆ ಮರಿಂಬಾ ಯಾರಿಗೂ ಕೇಳಿಸುವುದಿಲ್ಲ.

'ನೋ ಎಕ್ಸ್‌ಪೆಕ್ಟೇಶನ್ಸ್' ಕೇಳಿದ್ದೀಯಲ್ವಾ? 1968ರದ್ದು. ಎಲ್ಲರೂ ನೆಲದ ಮೇಲೆ ಸುತ್ತಲೂ ಕೂತು ನುಡಿಸಿದ್ದು. ಬ್ರಯನ್ ಪೂರ್ತಿ ಮನಸ್ಸಿಟ್ಟು ನುಡಿಸಿದ್ದನ್ನು ನೋಡಿದ್ದು ಅದೇ ಕೊನೆ ಅಂತ ಮಿಕ್ ಮುಂದೆ ನೆನಪಿಸಿಕೊಂಡಿದ್ದ. ಅಲ್ಲಿ ಅವನ ಸ್ಲೈಡ್ ಹಾಡಿನ ಮೇಲೆ ಬರುವುದಿಲ್ಲ, ಹಾಡುವವನ ಪಕ್ಕದಲ್ಲೇ ನಡೆಯುತ್ತದೆ, ಸಾಲು ಮುಗಿದ ಮೇಲೆ ಮಾತ್ರ ಒಂದೆರಡು ಹನಿ ಬೀಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳು, ಕೇಳಿಸಿದ್ದನ್ನು ಒಂದು ಪ್ಯಾರಾ ಬರೆ. ಹತ್ತು ಸಲ ಹೊಡೆದು ಹಾಕಬೇಕಾಗಬಹುದು. ನನಗೂ ಹಾಗೇ ಆಗುತ್ತದೆ.

ಕೊನೆಗೆ ಆ ಚಿಟ್ಟೆಗಳು. ಜುಲೈ 5ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸ್ಟೋನ್ಸ್ ಕೊಟ್ಟ ಕಾರ್ಯಕ್ರಮದಲ್ಲಿ ಬ್ರಯನ್ ನೆನಪಿಗೆ ಬಿಟ್ಟ ಬಿಳಿ ಚಿಟ್ಟೆಗಳು ನಿನ್ನ ಲೇಖನದಲ್ಲಿ ತುಂಬಾ ಅಂದವಾಗಿ ಹಾರುತ್ತವೆ. ನಿಜದಲ್ಲಿ ಅವುಗಳಲ್ಲಿ ಎಷ್ಟೋ ಪೆಟ್ಟಿಗೆಯೊಳಗೇ ಸತ್ತಿದ್ದವು. ಅದನ್ನೂ ಬರೆ. ಐದು ದಿನದ ನಂತರ ಚೆಲ್ಟನಮ್‌ನಲ್ಲಿ ಅವನ ಅಂತ್ಯಕ್ರಿಯೆ ನಡೆಯಿತು. ಬ್ಯಾಂಡಿನಿಂದ ಬಂದವರು ಚಾರ್ಲಿ ವಾಟ್ಸ್ ಮತ್ತು ಬಿಲ್ ವೈಮನ್, ಇಬ್ಬರೇ.

ಮುಂದಿನ ವಾರ ನನಗೆ ಬಿಡುವಿದೆ. ತಿದ್ದಿದ್ದು ಅರ್ಧವೇ ಆಗಿದ್ದರೂ ಪರವಾಗಿಲ್ಲ, ಕಳಿಸು.

ನಿನ್ನ
ಅಣ್ಣ